ಬಂಡೆಯ ಬಿಸಿಯಲ್ಲಿ ಬದುಕುವ ಓತಿಕ್ಯಾತ

ಏಪ್ರಿಲ್, ಮೇ ತಿಂಗಳಲ್ಲಿ ರಾಮನಗರ, ಚಿತ್ರದುರ್ಗ, ಹಂಪಿ ಕಡೆ ಓಡಾಡಿದವರು ಇದನ್ನು ನೋಡಿಯೇ ಇರುತ್ತೀರಿ. ದೊಡ್ಡ ಬಂಡೆಯ ನೆತ್ತಿಯ ಮೇಲೆ ಒಂದು ಓತಿಕ್ಯಾತ. ಬೆನ್ನು ಹಳದಿ, ಕಿತ್ತಳೆ ಅಥವಾ ಕೆಂಪು. ಪಕ್ಕೆ, ಕಾಲು ಕಡುಕಪ್ಪು. ಮುಂಗಾಲು ಊರಿ, ಎದೆ ಎತ್ತಿ ಇಳಿಸಿ ದಂಡ ಹೊಡೆಯುತ್ತದೆ. ನಾವು ಒಂದು ಹೆಜ್ಜೆ ಮುಂದಿಟ್ಟರೆ ಸುಮ್ನೆ ನೋಡುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ಬಂಡೆಯ ಆಚೆ ಬದಿಗೆ ಮಾಯ.

ಇದು ಕಲ್ಲೋತಿ. ವಿಜ್ಞಾನಿಗಳು ಇದನ್ನು ಸ್ಯಾಮೋಫಿಲಸ್ ಡಾರ್ಸಾಲಿಸ್ ಎನ್ನುತ್ತಾರೆ. ದಕ್ಷಿಣ ಭಾರತದ ಬಂಡೆಗುಡ್ಡಗಳೇ ಇದರ ಊರು. ಬೇಲಿ, ತೋಟ, ಹಿತ್ತಲಲ್ಲಿ ಕಾಣುವ, ಕತ್ತಿನ ಮೇಲೆ ಮುಳ್ಳಿನ ಸಾಲಿರುವ ಓತಿಕ್ಯಾತ ಬೇರೆ. ಎರಡೂ ಒಂದೇ ಬಳಗದವು, ಆದರೆ ಬದುಕುವ ರೀತಿ ಬೇರೆ ಬೇರೆ. ಗಂಡು ಕಲ್ಲೋತಿ ಬಾಲವೂ ಸೇರಿದರೆ ಒಂದಡಿಯಷ್ಟು ಬೆಳೆಯುತ್ತದೆ. ಹೆಣ್ಣು ಚಿಕ್ಕದು, ಕಂದು ಬಣ್ಣದ್ದು, ಮೈತುಂಬ ಚುಕ್ಕೆ. ಕಲ್ಲಿನ ಮೇಲೆ ಅಲುಗಾಡದೆ ಕೂತರೆ ಪಕ್ಕದಲ್ಲಿದ್ದರೂ ಕಾಣುವುದಿಲ್ಲ.

ಈ ಪ್ರಾಣಿ ಯಾಕೆ ಹೀಗೆ ಕೂರುತ್ತದೆ, ಯಾಕೆ ಹೀಗೆ ಓಡುತ್ತದೆ, ಯಾಕೆ ಬಣ್ಣ ಬದಲಿಸುತ್ತದೆ ಎಂದು ತಿಳಿಯಬೇಕಾದರೆ ಅದರ ಮೈಯನ್ನಷ್ಟೇ ನೋಡಿದರೆ ಸಾಲದು. ಅದು ಕೂತ ಬಂಡೆಯನ್ನೂ ಸೇರಿಸಿಯೇ ನೋಡಬೇಕು. ನಮ್ಮ ಮೈಯೊಳಗೆ ನಡೆಯುವ ಅರ್ಧ ಕೆಲಸ ಓತಿಗೆ ಮೈಯ ಹೊರಗೆ, ಆ ಕಲ್ಲಿನ ಮೇಲೆ ನಡೆಯುತ್ತದೆ.

ತಣ್ಣನೆ ರಕ್ತ ಎಂಬ ತಪ್ಪು ತಿಳಿವಳಿಕೆ

ಹಲ್ಲಿ, ಓತಿ, ಹಾವು ಇವೆಲ್ಲ ಶೀತರಕ್ತದ ಪ್ರಾಣಿಗಳು ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಬಿಸಿಲೇರಿದ ಮೇಲೆ ಬಂಡೆಯ ಮೇಲಿನ ಓತಿಯನ್ನು ಹಿಡಿದು ನೋಡಿದರೆ ಅದರ ಮೈ ನಮ್ಮ ಅಂಗೈಗಿಂತ ಬೆಚ್ಚಗಿರುತ್ತದೆ. ಹಗಲಲ್ಲಿ ಓಡಾಡುವ ಅನೇಕ ಓತಿಗಳು ಚುರುಕಾಗಿದ್ದಾಗ ಅವುಗಳ ಮೈಬಿಸಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ನಮ್ಮದು 37. ಅಂಥ ದೊಡ್ಡ ವ್ಯತ್ಯಾಸವೇನಿಲ್ಲ, ಅಲ್ವಾ? ವ್ಯತ್ಯಾಸ ಇರುವುದು ಬಿಸಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ನಾವು ಅನ್ನ ತಿಂದು, ಅದನ್ನು ಒಳಗೇ ಉರಿಸಿ ಮೈ ಬೆಚ್ಚಗಿಟ್ಟುಕೊಳ್ಳುತ್ತೇವೆ. ಓತಿ ಬಿಸಿಲಿನಿಂದ, ಕಲ್ಲಿನಿಂದ ಬಿಸಿ ಪಡೆಯುತ್ತದೆ.

ಇದು ಗೊತ್ತಾಗಿ ಇನ್ನೂ ನೂರು ವರ್ಷ ಆಗಿಲ್ಲ. 1944ರಲ್ಲಿ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬ ಅಮೆರಿಕದ ವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಮರುಭೂಮಿಯ ಸರೀಸೃಪಗಳ ಮೈಬಿಸಿ ಅಳೆದು ಒಂದು ದೊಡ್ಡ ವರದಿ ಬರೆದರು. ಸುತ್ತಲ ಗಾಳಿ ಎಷ್ಟು ಬಿಸಿಯಾಗಿದ್ದರೂ ಈ ಪ್ರಾಣಿಗಳು ತಮಗೆ ಬೇಕಾದಷ್ಟೇ ಬಿಸಿಯನ್ನು ಕಾಯ್ದುಕೊಳ್ಳುತ್ತಿದ್ದವು. ಬಿಸಿಲಿಗೆ ಬಂದು, ನೆರಳಿಗೆ ಹೋಗಿ, ಕೂರುವ ಭಂಗಿ ಬದಲಿಸಿ ಅದನ್ನು ಸಾಧಿಸುತ್ತಿದ್ದವು. ಸುಮ್ಮನೆ ಬಿದ್ದುಕೊಂಡಂತೆ ಕಾಣುವ ಪ್ರಾಣಿ ಅಸಲಿಗೆ ಬಿಡುವಿಲ್ಲದೆ ಕೆಲಸ ಮಾಡುತ್ತಿರುತ್ತದೆ.

ಬೆಳಗ್ಗೆ ಒಂದು ಕಲ್ಲೋತಿಯನ್ನು ನೋಡುತ್ತಾ ಕೂತರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಬಿರುಕಿನಿಂದ ಮೊದಲು ತಲೆ ಮಾತ್ರ ಹೊರಗೆ ಬರುತ್ತದೆ. ಮೈ ಮಂಕಾಗಿ, ಕಪ್ಪಗಿರುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಜಾಸ್ತಿ ಹೀರುತ್ತದೆ ತಾನೆ? ಆಮೇಲೆ ಪೂರ್ತಿ ಹೊರಬಂದು, ಸೂರ್ಯನಿಗೆ ಬೆನ್ನು ಅಡ್ಡಲಾಗಿ ಸಿಗುವಂತೆ ತಿರುಗಿ, ಪಕ್ಕೆಲುಬು ಅಗಲಿಸಿ ಮೈಯನ್ನು ಚಪ್ಪಟೆ ಮಾಡಿ ಕಲ್ಲಿಗೆ ಒತ್ತುತ್ತದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಲ್ಲಿನ ಬಿಸಿ. ಹೊಟ್ಟೆ ಕಲ್ಲಿನಿಂದ ಮೇಲೆದ್ದರೆ ಮೈ ಕಾದಿದೆ ಎಂದರ್ಥ. ಅಲ್ಲಿಂದ ಮುಂದೆ ತಲೆ ಅಲ್ಲಾಡಿಸುವುದು, ದಂಡ ಹೊಡೆಯುವುದು, ಇರುವೆ ಹಿಡಿಯುವುದು ಶುರು. ಮಧ್ಯಾಹ್ನದ ಹೊತ್ತಿಗೆ ಬೇಸಿಗೆಯ ಬಂಡೆ 50 ಡಿಗ್ರಿ ದಾಟಿರುತ್ತದೆ. ಆಗ ಸೂರ್ಯನ ಕಡೆಗೇ ಮುಖ ಮಾಡಿ, ಮೈಗೆ ಬಿಸಿಲು ತಾಗುವ ಜಾಗ ಕಡಿಮೆ ಮಾಡುತ್ತದೆ. ಕಾಲು ನೆಟ್ಟಗೆ ನಿಲ್ಲಿಸಿ ಹೊಟ್ಟೆಯನ್ನು ಕಲ್ಲಿನಿಂದ ಮೇಲೆತ್ತುತ್ತದೆ. ಅದೂ ಸಾಲದಾದಾಗ ಬಾಯಿ ತೆರೆದು ಏದುಸಿರು ಬಿಡುತ್ತದೆ. ಕೊನೆಗೆ ಬಿರುಕಿನ ನೆರಳಿಗೆ ಹೋಗಿ ಸೇರುತ್ತದೆ. ಸಂಜೆ ಗಾಳಿ ತಂಪಾದರೂ ಕಲ್ಲು ಬೆಚ್ಚಗೇ ಇರುತ್ತದೆ, ಹಾಗಾಗಿ ಮತ್ತೆ ಸ್ವಲ್ಪ ಹೊತ್ತು ಹೊರಗೆ.

ತಲೆಯ ಮೇಲೆ, ಎರಡು ಕಣ್ಣುಗಳ ನಡುವೆ ಸ್ವಲ್ಪ ಹಿಂದಕ್ಕೆ, ಒಂದು ಹುರುಪೆಯ ನಡುಮಧ್ಯೆ ಸಣ್ಣ ಚುಕ್ಕೆ ಇದೆ. ಅದು ಮೂರನೇ ಕಣ್ಣು. ಅದಕ್ಕೂ ಮಸೂರ, ಬೆಳಕು ಗ್ರಹಿಸುವ ಪದರ ಇವೆ. ಆಕೃತಿ ಕಾಣುವುದಿಲ್ಲ. ಬೆಳಕು ಎಷ್ಟಿದೆ, ಎಷ್ಟು ಹೊತ್ತು ಬಿತ್ತು ಎಂಬುದನ್ನು ಮಿದುಳಿಗೆ ತಿಳಿಸುತ್ತದೆ. ಬಿಸಿಲು ಕಾಯಿಸಿದ್ದು ಸಾಕೋ ಬೇಕೋ, ಹಗಲು ಉದ್ದವಾಗುತ್ತಿದೆಯೋ ಇಲ್ಲವೋ ಎಂಬ ಅಂದಾಜಿಗೆ ಇದು ನೆರವಾಗುತ್ತದೆ. ಮನೆ ಗೋಡೆಯ ಹಲ್ಲಿಗೆ ಈ ಕಣ್ಣಿಲ್ಲ. ಅದು ರಾತ್ರಿ ಓಡಾಡುವ ಜೀವಿ.

ಮೈ ತಣ್ಣಗಿದ್ದಾಗ ಓತಿಗೆ ವೇಗವಾಗಿ ಓಡಲು ಆಗುವುದಿಲ್ಲ. ತಿಂದದ್ದೂ ಸರಿಯಾಗಿ ಜೀರ್ಣವಾಗುವುದಿಲ್ಲ. ಹೊಟ್ಟೆಯ ಕೆಲಸಕ್ಕೂ ಬಿಸಿ ಬೇಕು. ಇಸ್ರೇಲಿನಲ್ಲಿ ಇದೇ ಬಳಗದ ಓತಿಗಳ ಮೇಲೆ ನಡೆದು 1982ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಮೈ ಬೆಚ್ಚಗಿದ್ದಾಗ ಆ ಓತಿಗಳು ಮನುಷ್ಯರನ್ನು ಕಂಡರೆ ಓಡಿಹೋಗುತ್ತಿದ್ದವು. ತಣ್ಣಗಿದ್ದಾಗ ಅಲ್ಲೇ ನಿಂತು ಬಾಯಿ ಅಗಲಿಸಿ ಕಚ್ಚಲು ಬರುತ್ತಿದ್ದವು. ಓಡಿದರೆ ಸಿಕ್ಕಿಬೀಳುವುದು ಖಾತ್ರಿ ಎಂದಾದಾಗ ಎದುರಿಸುವುದೊಂದೇ ದಾರಿ. ಒಂದೇ ಪ್ರಾಣಿ ಹೇಡಿಯೋ ಧೈರ್ಯವಂತನೋ ಎಂಬುದನ್ನು ಥರ್ಮಾಮೀಟರ್ ಹೇಳುತ್ತದೆ.

ಕಡಿಮೆ ಊಟ, ಕಡಿಮೆ ಉಸಿರು

ಹೀಗೆ ಬಿಸಿಯನ್ನು ಹೊರಗಿನಿಂದ ಪಡೆಯುವುದರಿಂದ ದೊಡ್ಡ ಲಾಭವಿದೆ. ಅಷ್ಟೇ ತೂಕದ ಇಲಿಗೆ ಬೇಕಾಗುವ ಆಹಾರದಲ್ಲಿ ಹತ್ತನೇ ಒಂದು ಭಾಗವೂ ಓತಿಗೆ ಬೇಕಾಗುವುದಿಲ್ಲ. ಬಂಡೆಯ ಮೇಲೆ ಹರಿದಾಡುವ ಇರುವೆ, ಜೀರುಂಡೆ, ನೊಣ ಇಷ್ಟೇ ಸಾಕು. ಹುಡುಕಿಕೊಂಡು ಅಲೆಯುವುದು ಕಡಿಮೆ. ಎತ್ತರದಲ್ಲಿ ಕೂತು ಕಾಯುತ್ತದೆ, ಹುಳ ಕಂಡರೆ ಓಡಿಹೋಗಿ ನಾಲಗೆಗೆ ಅಂಟಿಸಿಕೊಳ್ಳುತ್ತದೆ. ನೀರನ್ನೂ ಹಾಗೆಯೇ ಉಳಿಸುತ್ತದೆ. ಓತಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಗಂಟು ನೋಡಿದ್ದೀರಾ? ಅದೇ ಅದರ ಮೂತ್ರ. ನೀರಾಗಿ ಹೊರಹಾಕುವ ಬದಲು ಯೂರಿಕ್ ಆಮ್ಲದ ಗಟ್ಟಿ ಉಂಡೆ ಮಾಡಿ ಬಿಡುತ್ತದೆ. ಸುಡುವ ಕಲ್ಲಿನ ಮೇಲೆ ಬದುಕಲು ಇದು ಬೇಕೇ ಬೇಕು.

ಇದರ ಬೆಲೆಯೂ ಇದೆ. ಓತಿ ಓಡುವುದನ್ನು ಗಮನಿಸಿ. ಒಂದೇ ಉಸಿರಿಗೆ ನಾಲ್ಕು ಅಡಿ ಓಡಿ ಗಕ್ಕನೆ ನಿಲ್ಲುತ್ತದೆ. ಮತ್ತೆ ಓಡಿ ಮತ್ತೆ ನಿಲ್ಲುತ್ತದೆ. ಒಂದೇ ಉಸಿರಿಗೆ ಎಂಬುದು ಇಲ್ಲಿ ಬರೀ ಮಾತಲ್ಲ. ಓತಿಯ ಕಾಲುಗಳು ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಓಡುವಾಗ ಮೈ ಎಡಕ್ಕೆ ಬಲಕ್ಕೆ ಬಳುಕುತ್ತದೆ. ಎಡಕ್ಕೆ ಬಗ್ಗಿದಾಗ ಎಡ ಶ್ವಾಸಕೋಶ ಹಿಸುಕಿ ಬಲದ್ದು ಹಿಗ್ಗುತ್ತದೆ. ಮರುಕ್ಷಣ ತಿರುಗಾಮುರುಗಾ. ತಿದಿಯನ್ನು ನೆಟ್ಟಗೆ ಒತ್ತುವ ಬದಲು ಅಡ್ಡಡ್ಡ ತಿರುಚಿದರೆ ಹಾರ್ಮೋನಿಯಂ ನುಡಿಯುವುದಿಲ್ಲವಲ್ಲ, ಹಾಗೆ. ಗಾಳಿ ಒಳಗೊಳಗೇ ಆಚೀಚೆ ಹೋಗುತ್ತದೆಯೇ ಹೊರತು ಹೊಸ ಗಾಳಿ ಬರುವುದು ಕಷ್ಟ. ಜೊತೆಗೆ ಮೈ ಬಳುಕಿಸುವ ಸ್ನಾಯುಗಳೇ ಉಸಿರಾಟಕ್ಕೂ ಬೇಕು. ಅಮೆರಿಕದ ವಿಜ್ಞಾನಿ ಡೇವಿಡ್ ಕ್ಯಾರಿಯರ್ 1987ರಲ್ಲಿ ಇದನ್ನು ವಿವರಿಸಿದರು. ಹಾಗಾಗಿ ಓತಿ ಓಡುವುದು ಸ್ನಾಯುಗಳಲ್ಲಿ ಮೊದಲೇ ಕೂಡಿಟ್ಟ ಶಕ್ತಿಯಿಂದ, ಆಮ್ಲಜನಕವಿಲ್ಲದೆ. ಆ ಶಕ್ತಿ ಬೇಗ ಮುಗಿಯುತ್ತದೆ, ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಚೇತರಿಸಿಕೊಳ್ಳಲು ಹೊತ್ತು ಬೇಕು. ಉಡ ಮಾತ್ರ ಇದಕ್ಕೆ ಉಪಾಯ ಕಂಡುಕೊಂಡಿದೆ. ಓಡುವಾಗ ಗಂಟಲ ಚೀಲವನ್ನು ಒತ್ತಿ ಒತ್ತಿ ಗಾಳಿಯನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಅದಕ್ಕೇ ಉಡ ದೂರ ದೂರ ಅಲೆದು ಬೇಟೆಯಾಡಬಲ್ಲದು.

ಹುಡುಗರು ಓತಿಕ್ಯಾತವನ್ನು ಬೇಲಿಯಿಂದ ಬೇಲಿಗೆ ಓಡಿಸಿ ಕಲ್ಲು ಹೊಡೆಯುತ್ತಾರಲ್ಲ, ಎರಡು ಮೂರು ಓಟದ ನಂತರ ಅದು ನಿಂತುಬಿಡುವುದು ಇದೇ ಕಾರಣಕ್ಕೆ. ಅದು ದೂರದಿಂದಲೇ ರಕ್ತ ಹೀರುತ್ತದೆ ಎಂದು ಅನೇಕ ಕಡೆ ಮಕ್ಕಳಿಗೆ ಹೇಳಿಕೊಡುತ್ತಾರೆ. ಬೆದೆಗಾಲದಲ್ಲಿ ಗಂಡಿನ ಕತ್ತು ಕೆಂಪಾಗುವುದನ್ನು ನೋಡಿ ಹುಟ್ಟಿದ ನಂಬಿಕೆ ಇರಬೇಕು. ಅದು ಯಾರ ರಕ್ತವನ್ನೂ ಹೀರುವುದಿಲ್ಲ. ಓಡಲಾರದೆ ನಿಂತ ಪ್ರಾಣಿಗೆ ಕಲ್ಲು ಹೊಡೆಯುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಬಣ್ಣದ ಮಾತು

ಬಣ್ಣ ಬದಲಿಸುವವ ಎಂದರೆ ನಮಗೆ ಗೋಸುಂಬೆ ನೆನಪಾಗುತ್ತದೆ, ಅದೂ ಬೈಗುಳವಾಗಿ. ಸುತ್ತಮುತ್ತಲ ಬಣ್ಣಕ್ಕೆ ಹೊಂದಿಕೊಂಡು ಬಚ್ಚಿಟ್ಟುಕೊಳ್ಳುವುದಕ್ಕೇ ಬಣ್ಣ ಬದಲಿಸುವುದು ಎಂಬ ಭಾವನೆ. ಕಲ್ಲೋತಿಯ ಗಂಡು ಮಾಡುವುದು ಇದರ ತದ್ವಿರುದ್ಧ. ಎಲ್ಲರಿಗೂ ಕಾಣಲಿ ಎಂದೇ ಬಣ್ಣ ತೋರಿಸುತ್ತದೆ. ಒಂದೇ ಗಂಡು ಎದುರಿಗಿರುವವರನ್ನು ನೋಡಿ ಎರಡು ಬೇರೆ ಬೇರೆ ವೇಷ ತೊಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಥಾಕರ್ ಅವರ ತಂಡ ಈ ಓತಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಅವರು 2017ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಹೆಣ್ಣು ಎದುರಿಗಿದ್ದಾಗ ಗಂಡಿನ ಬೆನ್ನಿನ ಪಟ್ಟೆ ಕೆಂಪಾಗುತ್ತದೆ, ಪಕ್ಕೆ ಕಪ್ಪಾಗುತ್ತದೆ. ಕೆಂಪು ಕಪ್ಪು ಪಕ್ಕಪಕ್ಕ ಬಂದಾಗ ಎದ್ದು ಕಾಣುತ್ತದೆ. ಎದುರಿಗೆ ಇನ್ನೊಂದು ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಈ ಜಗಳದ ಬಣ್ಣ ಅಷ್ಟೊಂದು ಎದ್ದು ಕಾಣುವುದಿಲ್ಲ, ಆದರೆ ಬೇಗ ಮೂಡುತ್ತದೆ. ಹೆಣ್ಣನ್ನು ಒಲಿಸಲು ಹೊತ್ತಿದೆ, ಎದುರಾಳಿಯನ್ನು ಹೆದರಿಸಲು ಹೊತ್ತಿಲ್ಲ. ಎಷ್ಟು ಸೊಗಸಾದ ಏರ್ಪಾಡು!

ಇದು ಚರ್ಮದೊಳಗೆ ನಡೆಯುವುದು ಹೇಗೆ? ಓತಿಯ ಚರ್ಮದಲ್ಲಿ ಬಣ್ಣದ ಕೋಶಗಳು ಪದರ ಪದರವಾಗಿವೆ. ಮೇಲಿನ ಪದರದಲ್ಲಿ ಹಳದಿ, ಕೆಂಪು ಬಣ್ಣ. ಅದರ ಕೆಳಗೆ ಬೆಳಕನ್ನು ಪ್ರತಿಫಲಿಸುವ ಸಣ್ಣ ಹರಳುಗಳಿರುವ ಕೋಶಗಳು. ಇನ್ನೂ ಕೆಳಗೆ ಕವಲು ಕವಲಾದ ಕಪ್ಪು ಕೋಶಗಳು. ಕಪ್ಪು ಕಣಗಳು ಕೋಶದ ನಡುವೆ ಒಟ್ಟಾದರೆ ಮೈ ತಿಳಿಯಾಗುತ್ತದೆ. ಕವಲುಗಳ ಉದ್ದಕ್ಕೂ ಹರಡಿದರೆ ಮೇಲಿನ ಬಣ್ಣಗಳು ಮುಚ್ಚಿ ಮೈ ಕಪ್ಪಾಗುತ್ತದೆ. ಹಾರ್ಮೋನುಗಳು, ನರಗಳು ಇದನ್ನು ನಡೆಸುತ್ತವೆ. ಹೆದರಿದ ಓತಿಯನ್ನು ಕೈಯಲ್ಲಿ ಹಿಡಿದರೆ ಬಣ್ಣವೆಲ್ಲ ಇಳಿದುಹೋಗುವುದೂ ಇದರಿಂದಲೇ. ಬೆಳಗ್ಗೆ ಬಿಸಿಲು ಹೀರಲು ಕಪ್ಪಾಗುವ ಚರ್ಮವೇ ಮೈ ಕಾದ ಮೇಲೆ ಹೆಣ್ಣಿಗೆ, ಶತ್ರುವಿಗೆ ಸಂದೇಶ ಕಳಿಸುತ್ತದೆ. ಒಂದೇ ಚರ್ಮಕ್ಕೆ ಎರಡು ನೌಕರಿ.

ಗಂಡು ಇಷ್ಟು ಅಬ್ಬರಿಸುವುದಕ್ಕೆ ಕಾರಣ ಅದರ ಆಯುಷ್ಯ. ಆಂಧ್ರದ ಮದನಪಲ್ಲೆ ಹತ್ತಿರದ ರಿಷಿ ವ್ಯಾಲಿಯ ಬಂಡೆಗಳಲ್ಲಿ ಇದೇ ಸಂಸ್ಥೆಯ ಸಂಶೋಧಕರು ಒಂದೊಂದೇ ಓತಿಯನ್ನು ಗುರುತಿಟ್ಟು ಅದರ ಬದುಕನ್ನು ಹಿಂಬಾಲಿಸಿದ್ದಾರೆ. ಹೆಚ್ಚಿನ ಗಂಡುಗಳಿಗೆ ಸಿಗುವುದು ಒಂದೇ ಬೆದೆಗಾಲ. ಬೇಸಿಗೆಯಲ್ಲಿ ಶುರುವಾಗಿ ಮಳೆಗಾಲದವರೆಗೆ. ಅಷ್ಟರೊಳಗೆ ಎತ್ತರದ ಬಂಡೆ ಹಿಡಿಯಬೇಕು, ಇತರ ಗಂಡುಗಳನ್ನು ಓಡಿಸಬೇಕು, ಹೆಣ್ಣುಗಳ ಕಣ್ಣಿಗೆ ಬೀಳಬೇಕು. ಎತ್ತರದಲ್ಲಿ ಕೂತ ಕೆಂಪು ಓತಿ ಗಿಡುಗದ ಕಣ್ಣಿಗೂ ಬೀಳುತ್ತದೆ. ಆ ಅಪಾಯ ಅದಕ್ಕೆ ತಪ್ಪಿದ್ದಲ್ಲ.

ಗಿಡುಗ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ, ಗಾಳಿಯಂತ್ರಗಳ ನಡುವೆ. ಥಾಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವಿದು. ಗಾಳಿಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಕಡಿಮೆ. ಅಲ್ಲಿ ಕಲ್ಲೋತಿಯಲ್ಲದ, ಬೀಸಣಿಗೆ ಗಂಟಲಿನ ಇನ್ನೊಂದು ಜಾತಿಯ ಓತಿಗಳಿವೆ. ಅವು ಸಂಖ್ಯೆಯಲ್ಲಿ ಜಾಸ್ತಿ, ಒತ್ತಡದ ಹಾರ್ಮೋನು ಕಡಿಮೆ, ಮನುಷ್ಯರನ್ನು ಹತ್ತಿರ ಬರಲು ಬಿಡುತ್ತವೆ. ಆದರೆ ಗಂಡುಗಳ ಗಂಟಲ ಬಣ್ಣ ಮಂಕು. ಆಕಾಶದಲ್ಲಿ ಹಕ್ಕಿ ಕಡಿಮೆಯಾದದ್ದು ನೆಲದ ಮೇಲಿನ ಓತಿಯ ರಕ್ತದಲ್ಲೂ ಗಂಟಲಲ್ಲೂ ಗೊತ್ತಾಯಿತು.

ಮಣ್ಣೊಳಗಿನ ಮೊಟ್ಟೆ

ಹೆಣ್ಣು ಕಲ್ಲೋತಿ ಮೊಟ್ಟೆ ಇಡುವುದು ಮಣ್ಣಿನಲ್ಲಿ ಗುಂಡಿ ತೋಡಿ. ಇಟ್ಟು ಮುಚ್ಚಿದ ಮೇಲೆ ಅದರ ಪಾಲಿನ ಕೆಲಸ ಮುಗಿಯಿತು. ಕಾವು ಕೊಡುವುದು ಮಣ್ಣು. ಈ ವಿಷಯದಲ್ಲಿ ಬೇಲಿ ಓತಿಕ್ಯಾತದ ಕಥೆ ಇನ್ನೂ ವಿಚಿತ್ರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದರ ಸಂತಾನದ ಬಗ್ಗೆ ದಶಕಗಳ ಕೆಲಸ ನಡೆದಿದೆ. ಮಳೆ ಬಾರದೆ ಮಣ್ಣು ಒಣಗಿದ್ದರೆ ಅದು ಮೊಟ್ಟೆ ಇಡುವುದನ್ನು ಮುಂದೂಡಿ ಹೊಟ್ಟೆಯೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂ ದೊಡ್ಡ ಸಂಗತಿ ಎಂದರೆ, ಮರಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆಗೆ ಸಿಗುವ ಬಿಸಿ ನಿರ್ಧರಿಸುತ್ತದೆ. ಮೊಸಳೆ, ಆಮೆಗಳಲ್ಲೂ ಹೀಗಿದೆ. ಆದರೆ 2012ರಲ್ಲಿ ಪ್ರಕಟವಾದಂತೆ ಇದರ ಕ್ರಮ ಬೇರೆಲ್ಲೂ ಕಂಡಿರದಂಥದ್ದು. ಬಿಸಿ ಏರುತ್ತಾ ಹೋದಂತೆ ಮೊದಲು ಹೆಣ್ಣು, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು. ಕೆಲವೇ ಡಿಗ್ರಿಗಳ ಅಂತರದಲ್ಲಿ ಮೂರು ಸಲ ಬದಲಾವಣೆ. ನಮ್ಮ ಹಿತ್ತಲಲ್ಲಿ ದಿನವೂ ಕಾಣುವ ಪ್ರಾಣಿ ಇದು.

ಕಾಂಪೌಂಡಿನ ಮೇಲಿನ ಬದುಕು

ಬೆಂಗಳೂರು ಬೆಳೆಯುತ್ತಾ ಸುತ್ತಲ ಬಂಡೆಗುಡ್ಡಗಳನ್ನು ನುಂಗಿತು. ಕಲ್ಲೋತಿ ಪೂರ್ತಿ ಹೋಗಲಿಲ್ಲ. ಊರಂಚಿನ ಬಡಾವಣೆಗಳಲ್ಲಿ ಕಾಂಪೌಂಡ್ ಗೋಡೆ, ಸಿಮೆಂಟ್ ಇಟ್ಟಿಗೆ ರಾಶಿ, ಖಾಲಿ ಸೈಟಿನ ಕಲ್ಲುಗಳ ಮೇಲೆ ಈಗಲೂ ಇದೆ. ಅಲ್ಲಿನ ಓತಿಗಳು ಮನುಷ್ಯರಿಗೆ ಹೊಂದಿಕೊಂಡಿವೆ. ಬಯಲಿನ ಓತಿ ಓಡಿಹೋಗುವ ದೂರಕ್ಕೆ ನಾವು ಬಂದರೂ ಇವು ಕೂತೇ ಇರುತ್ತವೆ. ಪ್ರತಿ ಸಲ ಓಡಿದರೆ ಶಕ್ತಿ, ಬಿಸಿಲು, ಊಟ ಎಲ್ಲವೂ ನಷ್ಟ.

ಇವು ಬೇಗ ಕಲಿಯುತ್ತವೆ ಕೂಡ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಓತಿಗಳಿಗೆ ಎರಡು ಅಡಗುತಾಣ ಕೊಟ್ಟು, ಒಂದು ಮಾತ್ರ ಸುರಕ್ಷಿತ ಎಂದು ಮಾಡಿದ್ದರು. ಸರಿಯಾದದ್ದನ್ನು ನಗರದಂಚಿನ ಓತಿಗಳು ಹಳ್ಳಿಗಾಡಿನವುಗಳಿಗಿಂತ ಬೇಗ ಕಲಿತವು. ಸುರಕ್ಷಿತ ಜಾಗವನ್ನು ಅದಲುಬದಲು ಮಾಡಿದಾಗಲೂ ಅಷ್ಟೇ. ರಾತ್ರಿ ಮಲಗುವ ಜಾಗದ ಆಯ್ಕೆಯೂ ಕುತೂಹಲದ್ದು. ನಗರದಲ್ಲಿ ಅವು ಹುಡುಕುವುದು ಬಂಡೆಯಂತೆ ಒರಟಾದ, ಮೇಲೆ ಮರೆಯಿರುವ ಕಾಂಕ್ರೀಟ್ ಜಾಗ.

ಇದನ್ನು ಓದಿ ಓತಿ ಎಲ್ಲಿ ಬೇಕಾದರೂ ಬದುಕುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಅದೇ ನಗರದ ಗಂಡುಗಳಲ್ಲಿ ಬಣ್ಣ ಹಳ್ಳಿಗಾಡಿನವುಗಳಷ್ಟು ಗಾಢವಾಗಿ ಮೂಡುವುದಿಲ್ಲ. ಬದುಕುವುದು ಬೇರೆ, ಚೆನ್ನಾಗಿ ಬದುಕುವುದು ಬೇರೆ. ಅದು ನಮ್ಮ ಗೋಡೆಯನ್ನು ಒಪ್ಪಿಕೊಂಡಿರುವುದು ಅದರಲ್ಲಿ ಕಲ್ಲಿನ ಗುಣ ಇರುವಷ್ಟು ಮಾತ್ರ. ನುಣ್ಣಗೆ ಗಾರೆ ಬಳಿದು, ಬಣ್ಣ ಹೊಡೆದು, ಬಿರುಕೆಲ್ಲ ಮುಚ್ಚಿದ ಗೋಡೆಯಲ್ಲಿ ಬಿಸಿಲು ಸಿಗಬಹುದು, ಮಧ್ಯಾಹ್ನದ ನೆರಳು ಸಿಗುವುದಿಲ್ಲ.

ಆ ನೆರಳು ಎಷ್ಟು ಮುಖ್ಯ ಎಂಬುದಕ್ಕೆ ಮೆಕ್ಸಿಕೊದ ಉದಾಹರಣೆ ಇದೆ. ಬ್ಯಾರಿ ಸಿನರ್ವೊ ಮತ್ತು ಸಂಗಡಿಗರು ಅಲ್ಲಿ 48 ಜಾತಿಯ ಓತಿಗಳು ಹಿಂದೆ ಇದ್ದ 200 ಜಾಗಗಳಿಗೆ ಮತ್ತೆ ಹೋಗಿ ಹುಡುಕಿದರು. 2010ರ ಅವರ ವರದಿಯಂತೆ 1975ರಿಂದೀಚೆಗೆ ಅಂಥ ನೆಲೆಗಳಲ್ಲಿ ಶೇಕಡ 12ರಷ್ಟು ಖಾಲಿಯಾಗಿದ್ದವು. ಕಾಡು ಕಡಿದದ್ದರಿಂದ ಅಲ್ಲ. ಬಿಸಿಲಿಗೆ ಬೆಂದು ಸತ್ತದ್ದೂ ಅಲ್ಲ. ಬೆದೆಗಾಲದಲ್ಲಿ ಹಗಲು ಅತಿಯಾಗಿ ಕಾದು, ಓತಿಗಳು ನೆರಳಿನಲ್ಲೇ ಕೂರಬೇಕಾದ ಗಂಟೆಗಳು ಹೆಚ್ಚಾದವು. ಹುಳ ಹಿಡಿಯುವ ಗಂಟೆಗಳು ಕಡಿಮೆಯಾದವು. ಮೊಟ್ಟೆಗೆ ಬೇಕಾದಷ್ಟು ಊಟ ಹೆಣ್ಣಿಗೆ ಸಿಗಲಿಲ್ಲ.

ನಮ್ಮ ಕಲ್ಲೋತಿಗೆ ಆ ಗಂಟೆಗಳನ್ನು ಕೊಡುವುದು ಬಂಡೆಯ ಆಕಾರವೇ. ಪೂರ್ವದ ಇಳಿಜಾರು ಬೆಳಗ್ಗೆ ಬೇಗ ಕಾಯುತ್ತದೆ, ಪಶ್ಚಿಮದ್ದು ಸಂಜೆ ತಡವಾಗಿ ಆರುತ್ತದೆ. ನಡುವಿನ ಆಳವಾದ ಬಿರುಕು ಮಧ್ಯಾಹ್ನವೂ ತಂಪು. ಬುಡದ ಮಣ್ಣು ಮೊಟ್ಟೆಗೆ, ಪಕ್ಕದ ಪೊದೆ ಹುಳಕ್ಕೆ, ನೆತ್ತಿ ದಂಡ ಹೊಡೆಯುವುದಕ್ಕೆ. ಪಹಣಿಯಲ್ಲಿ ಇಂಥ ಜಾಗಕ್ಕೆ ಖರಾಬು ಎಂದು ಬರೆದಿರುತ್ತದೆ, ಹಾಗಾಗಿ ಕ್ವಾರಿಗೆ ಕೊಡುವಾಗ ಯಾರಿಗೂ ಏನೂ ಕಳೆದುಕೊಂಡಂತೆ ಅನಿಸುವುದಿಲ್ಲ. ಕೆರೆ ಹೂಳೆತ್ತಬಹುದು, ಕಾಡು ಕಡಿದಲ್ಲಿ ಗಿಡ ನೆಡಬಹುದು. ಒಡೆದು ಜಲ್ಲಿ ಮಾಡಿದ ಬಂಡೆಯನ್ನು ಮತ್ತೆ ಕೂಡಿಸಲು ಆಗುವುದಿಲ್ಲ. ಕ್ವಾರಿಯಲ್ಲಿ ಉಳಿಯುವ ನೇರ ಗೋಡೆಗಳಿಗೆ ಬಿಸಿಲು ಬೀಳುತ್ತದೆ, ಆದರೆ ಅಲ್ಲಿ ಹಳೆಯ ಬಿರುಕುಗಳಿಲ್ಲ, ಮಣ್ಣಿಲ್ಲ. ಬಡಾವಣೆಯ ನಕ್ಷೆ ಹಾಕುವಾಗ ಒಂದೆರಡು ಹಾಸುಬಂಡೆಗಳನ್ನು ಸುತ್ತಲಿನ ಕುರುಚಲು ಸಮೇತ ಪಾರ್ಕಿನ ಜಾಗಕ್ಕೆ ಸೇರಿಸಿಬಿಟ್ಟರೆ, ಹುಲ್ಲುಹಾಸಿಗೆ ಸುರಿಯುವ ಖರ್ಚೂ ಉಳಿಯುತ್ತದೆ, ಓತಿಗಳೂ ಉಳಿಯುತ್ತವೆ.